ಸಾಲು ತಿರುಗಿದ್ದು

ಹೋಲ್ವರ್ಟಿನ ಕಟ್ಟೆ ಇಳಿದರೆ ಸಮುದ್ರವಿಲ್ಲ.
ಆರು ಗಂಟೆಯ ಮಟ್ಟಿಗೆ ನೆಲವನ್ನು ಕೈಗಡ ಕೊಟ್ಟು
ಎಲ್ಲೋ ಹೋಗಿದೆ. ಇಳಿತದ ಹೊತ್ತು.
ಕುರಿಗಳು ಕಟ್ಟೆಯ ಮೇಲೆ, ಹನ್ನೊಂದು ಜನ ನಾವು ಕೆಳಗೆ,
ಮುಂದೆ ವೀಟ್ಸ್ಕೆ, ಕೈಯಲ್ಲಿ ತನಗಿಂತ ಉದ್ದದ ಕೋಲು.
ಮೂವತ್ತು ವರ್ಷ ಶಾಲೆಯಲ್ಲಿ ಭೌತಶಾಸ್ತ್ರ,
ಈಗ ದ್ವೀಪಕ್ಕೆ ಜನರನ್ನು ನಡೆಸಿ ದಾಟಿಸುವ ಕೆಲಸ.
"ಬೂಟಿನ ದಾರ ಬಿಗಿಯಿರಿ, ಕೆಸರಿಗೆ ಬೂಟೆಂದರೆ ಪ್ರಾಣ"
ಅಂದದ್ದು ಬಿಟ್ಟರೆ ಮೊದಲ ಗಂಟೆ ಮಾತಿಲ್ಲ.

ಮೊದಲ ಕಾಲುವೆ. ಗಾಳಿಯಿಲ್ಲದ ದಿನ, ನೀರು ತಿಳಿ,
ತಳದ ಚಿಪ್ಪು ಎಣಿಸಬಹುದಿತ್ತು.
ಮೊಣಕಾಲುದ್ದ ಅಂದುಕೊಂಡು ಇಳಿದೆ.
ತೊಡೆ ತೋಯಿತು.
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂದವನು
ಇಂಥದೇ ದಡದಲ್ಲಿ ನಿಂತಿದ್ದಿರಬೇಕು,
ಒದ್ದೆ ಬಟ್ಟೆಯಲ್ಲಿ.

ವೀಟ್ಸ್ಕೆಯ ಕೋಲು ನೀರಿನ ಮಟ್ಟದಲ್ಲಿ ಮುರಿದಿತ್ತು.
ಎತ್ತಿದಳು, ನೆಟ್ಟಗಿತ್ತು. ಇಳಿಸಿದಳು, ಮುರಿಯಿತು.
ಒಂಬತ್ತು ವರ್ಷದ ಹೆಸೆಲ್ ಕೇಳಿಯೇಬಿಟ್ಟ:
"ಬೆಳಕಿಗೆ ಯಾರು ಹೇಳ್ತಾರೆ, ಇಲ್ಲಿ ತಿರುಗು ಅಂತ?"

ಉತ್ತರ ಕೊಡಲಿಲ್ಲ. ಆಚೆ ದಡದಲ್ಲಿ ನಮ್ಮನ್ನು ಸಾಲು ನಿಲ್ಲಿಸಿದಳು.
"ತೋಳಿಗೆ ತೋಳು ಹೆಣೆಯಿರಿ. ಕಣ್ಣು ಮುಚ್ಚಿ. ನಡೆಯಿರಿ."
ಎದುರಿಗೆ ಮರಳು ಮುಗಿದು ಕೆಸರು ಶುರುವಾಗುವ ಅಂಚು,
ಓರೆಯಾಗಿ, ಸೊಟ್ಟ ಕತ್ತರಿಸಿದ ಬಟ್ಟೆಯ ಹಾಗೆ.
ಎಡತುದಿಗೆ ಹೆಸೆಲ್, ಬಲತುದಿಗೆ ನಾನು.

ನನ್ನ ಕಾಲಡಿ ಇನ್ನೂ ಅಲೆಯ ಅಚ್ಚುಳಿದ ಗಟ್ಟಿ ಮರಳು.
ಆ ತುದಿಯಿಂದ ಪಚಕ್ ಪಚಕ್, ಹೆಸೆಲ್‌ನ ಬೂಟು.
ಆಮೇಲೆ ಅಂಚೆ ಹಂಚುವವಳು, ಆಮೇಲೆ ಬೇಕರಿಯ ದಪ್ಪ ಮನುಷ್ಯ,
ಒಬ್ಬೊಬ್ಬರಾಗಿ ನಿಧಾನಕ್ಕೆ ಸೇರಿಕೊಂಡರು.
ನಾನು ಮಾತ್ರ ಬೀಸುಗಾಲು.
ಕೊನೆಗೆ ನನಗೂ ಕೆಸರು.

"ಕಣ್ಣು ಬಿಡಿ."
ಮೂಗಿನ ನೇರಕ್ಕಿದ್ದ ದ್ವೀಪದ ದೀಪಸ್ತಂಭ
ಬಲಗೆನ್ನೆಯ ಕಡೆ ಸರಿದಿತ್ತು.
ಯಾರೂ ತಿರುಗಿರಲಿಲ್ಲ.
ಸಾಲು ತಿರುಗಿತ್ತು.

"ಹೇಳುವವರು ಯಾರೂ ಬೇಡ" ಅಂದಳು ಹುಡುಗನಿಗೆ,
"ಒಂದು ತುದಿ ಮೊದಲು ನಿಧಾನವಾಗಬೇಕು,
ಇನ್ನೊಂದು ತುದಿ ಕೈ ಬಿಡಬಾರದು. ಅಷ್ಟೇ."

ಕೆಸರಿನ ಆಚೆ ಮತ್ತೆ ಮರಳು. ಮೊದಲು ಹೊರಬಿದ್ದವನು ಹೆಸೆಲ್,
ನಾನಿನ್ನೂ ಬೂಟು ಕೀಳುತ್ತಿರುವಾಗಲೇ ಬಿರುಸಾಗಿ ನಡೆದ.
ಸಾಲು ಬಲಕ್ಕೆ ಹೊರಳಿತು, ಹಳೆಯ ದಿಕ್ಕೇ ಬಂತು,
ಹಾದಿ ಮಾತ್ರ ನಾಲ್ಕು ಮಾರು ಆಚೆ.
"ಸುಧಾರಿಸಿಕೊಳ್ಳಲು ಹೊತ್ತು ಬೇಡವೇ ಬೆಳಕಿಗೆ?" ಬೇಕರಿಯವನು, ಏದುತ್ತ.
"ದಣಿದಿದ್ದರೆ ತಾನೇ? ಗಾಜು ದಾಟಿದ ಕ್ಷಣವೇ ಹಳೆಯ ವೇಗ."
"ಓರೆ ಬಿಟ್ಟು ನೇರ ಎದುರಿಗೇ ಹೊಕ್ಕರೆ?"
"ಎಲ್ಲರೂ ಒಟ್ಟಿಗೆ ನಿಧಾನ. ತಿರುವಿಲ್ಲ.
ನಿಧಾನವಾದದ್ದು ನೋಡುವವರಿಗೆ ಗೊತ್ತೂ ಆಗಲ್ಲ."

ಹೆಸೆಲ್ ಬಿಡುವವನಲ್ಲ: "ನೀರಲ್ಲಿ ಬೆಳಕಿಗೆ ಕೆಸರೆಲ್ಲಿ?"
ಅವಳು ಕೋಲು ಊರಿ ತುಸು ನಿಂತಳು.
"ನೀರಿನ ಕಣಕಣವೂ ಅದರ ಜೊತೆ ಅಲುಗುತ್ತೆ,
ತನ್ನದೂ ಒಂದು ಚೂರು ಬೆಳಕು ಸೇರಿಸುತ್ತೆ, ಕೊಂಚ ತಡವಾಗಿ.
ಎಲ್ಲ ಕೂಡಿದ ಅಲೆ ಹಿಂದೆ ಬೀಳುತ್ತೆ.
ಅದನ್ನು ಕಾಲಲ್ಲಿ ನಡೆದು ತೋರಿಸೋಕೆ ನನಗೆ ಬರಲ್ಲ ಮರಿ."

ಆಮೆಲಾಂಡ್. ದೋಣಿ ಬರುವ ತನಕ ಕಾಫಿ.
ಕೇಳದೆಯೇ ಹೇಳಿದಳು:
"ಡುರ್ಕ್‌ಗೆ, ನನ್ನ ಗಂಡನಿಗೆ, ಮೂರು ವರ್ಷದ ಹಿಂದೆ ಲಕ್ವ.
ಎಡಗಾಲು ನಿಧಾನ.
ಕಿಟಕಿಗೆಂದು ಎದ್ದು ಹೊರಟರೆ
ಅಡುಗೆಮನೆ ಬಾಗಿಲಲ್ಲಿ ಹೋಗಿ ನಿಲ್ಲುತ್ತಿದ್ದ.
ಬೈಯುತ್ತಿದ್ದೆ, ನಾನು, ಮೂವತ್ತು ವರ್ಷ ಪಾಠ ಮಾಡಿದವಳು.
ಈಗ ಬಲಕ್ಕೆ ನಿಂತು ತೋಳು ಹೆಣೆದು
ಅವನ ಎಡಗಾಲಿನಷ್ಟೇ ನಿಧಾನ ನಡೀತೀನಿ.
ಹೊತ್ತು ಹಿಡಿಯುತ್ತೆ. ಕಿಟಕಿ ಸಿಗುತ್ತೆ."

ಹೊರಗೆ ಸಮುದ್ರ ಕೈಗಡ ವಸೂಲಿಗೆ ಬಂದಿತ್ತು.
ಹೆಸೆಲ್ ಬೂಟು ಕಳಚಿ
ಅದರ ತಳವನ್ನು ಒಂದಿಷ್ಟು ಮೆಟ್ಟಿಲಿಗೆ ಸುರಿಯುತ್ತಿದ್ದ.